ಶನಿವಾರ ವ್ಯಾನು ತರಬೇಡಿ

ಗುರುವಾರ, ಮಧ್ಯಾಹ್ನ

ಚಿಟ್ಟಿಯ ಅಪ್ಪನಿಗೆ,

ಹೇಗಿದ್ದೀರಿ ಎಂದು ಕೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಆದರೂ ಕೇಳುತ್ತಿದ್ದೇನೆ. ಸ್ಕೂಲು ಅರ್ಧಕ್ಕೇ ಬಿಟ್ಟವಳು, ತಪ್ಪಿದ್ದರೆ ಸರಿಮಾಡಿಕೊಂಡು ಓದಿ. ಫೋನಿನಲ್ಲಾದರೆ ನೀವು ರೇಗುತ್ತೀರಿ, ನಾನು ಅಳುತ್ತೇನೆ, ಹೇಳಬೇಕಾದ್ದು ಅಲ್ಲೇ ಉಳಿಯುತ್ತದೆ. ಅದಕ್ಕೇ ಈ ಕಾಗದ, ನಾಳೆಯೇ ಸಿಗಲೆಂದು ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೇನೆ. ರಜೆಗೆ ಮಗಳನ್ನು ಕರೆದೊಯ್ಯಲು ಶನಿವಾರ ನಿಮ್ಮ ವ್ಯಾನು ತರಬೇಡಿ. ನಾನೇ ರೈಲಿನಲ್ಲಿ ಕರೆತರುತ್ತೇನೆ. ಕಳಿಸುವುದಿಲ್ಲ ಅನ್ನುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ.

ಚಿಟ್ಟಿಗೆ ಮೂರ್ಛೆಯ ಕಾಯಿಲೆಯಂತೆ. ಬೀಳಲಿಲ್ಲ, ಒದ್ದಾಡಲಿಲ್ಲ, ಬಾಯಲ್ಲಿ ನೊರೆ ಬರಲಿಲ್ಲ. ಕ್ಲಾಸಿನಲ್ಲಿ ಪಾಠ ಓದುತ್ತಾ ಓದುತ್ತಾ ಪದದ ನಡುವೆಯೇ ನಿಂತುಬಿಡುತ್ತಾಳೆ. ಹುಡುಗರು "ಕರೆಂಟ್ ಹೋಯ್ತು!" ಎಂದು ಕೂಗುತ್ತಾರಂತೆ. ಆಮೇಲೆ ಉಳಿದರ್ಧ ಪದ ಹೇಳಿ ಮುಂದಕ್ಕೆ ಓದುತ್ತಾಳೆ. ಎಲ್ಲರೂ ಯಾಕೆ ನಗುತ್ತಿದ್ದಾರೆ ಎಂದು ಅವಳಿಗೇ ತಿಳಿಯುವುದಿಲ್ಲ. ಟೀಚರು ಸೊಕ್ಕು ಎಂದುಕೊಂಡು ಹೊರಗೆ ನಿಲ್ಲಿಸಿದ್ದರು. ಮೊನ್ನೆ ನಾನೇ ಕಂಡೆ. ಜಡೆ ಹಾಕುತ್ತಿದ್ದೆ. ಕನ್ನಡಿಯಲ್ಲಿ ಅವಳ ಕಣ್ಣು ನನ್ನನ್ನೇ ನೋಡುತ್ತಿತ್ತು, ಆದರೆ ಒಳಗೆ ಯಾರೂ ಇರಲಿಲ್ಲ. ರೆಪ್ಪೆ ಮಾತ್ರ ಪಟಪಟ ಅನ್ನುತ್ತಿತ್ತು. ಯಾರದೋ ಮಗುವಿನ ತಲೆ ಹಿಡಿದು ಕೂತಿದ್ದೇನೆ ಅನ್ನಿಸಿ ಬಾಚಣಿಗೆ ಕೈಜಾರಿತು. ಅಷ್ಟರಲ್ಲಿ ಅವಳು, "ಯಾಕಮ್ಮಾ ನಿಲ್ಲಿಸ್ದೆ?" ಅಂದಳು.

ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಹೆದರಬೇಡಿ ಅಂದಿದ್ದಾರೆ. ನಾನು ಹೆದರದೆ ಇರುತ್ತೇನೆಯೇ? ನಿಮಗೇ ಗೊತ್ತಲ್ಲ. ಅವಳು ಹೀಗೆ ನಿಂತಾಗ ಗದರಬೇಡಿ, ಸುಮ್ಮನೆ ಪಕ್ಕದಲ್ಲಿರಿ. ನೀರಿನ ಹತ್ತಿರ ಒಬ್ಬಳನ್ನೇ ಬಿಡಬೇಡಿ.

ನಿನ್ನೆ ಸ್ಕೂಲಿನಲ್ಲಿ ನರ್ಸಮ್ಮ ಟೀಚರುಗಳನ್ನೂ ಅಪ್ಪ ಅಮ್ಮಂದಿರನ್ನೂ ಕೂರಿಸಿ ವಿಡಿಯೋ ತೋರಿಸಿದರು. ಫಿಟ್ಸ್ ಒಂದೇ ಥರ ಅಲ್ಲವಂತೆ. ಒಬ್ಬ ಹುಡುಗ ಬಿದ್ದು ಮೈಯೆಲ್ಲ ಅದುರಿಸುತ್ತಿದ್ದ. ಅಂಥವರನ್ನು ಅದುಮಿ ಹಿಡಿಯಬಾರದು, ಬಾಯಿಗೆ ಏನೂ ತುರುಕಬಾರದು, ಪಕ್ಕಕ್ಕೆ ಹೊರಳಿಸಿ ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕು ಅಂದರು. ಇನ್ನೊಬ್ಬಳಿಗೆ ಕೈ ಮಾತ್ರ ಫಕ್ಕನೆ ಎಗರಿ ಲೋಟ ಹಾರಿತು.

ಕೊನೆಗೆ ಒಬ್ಬ ದೊಡ್ಡ ಹುಡುಗ. ಏನೋ ಸುಟ್ಟ ವಾಸನೆ ಅಂದ. ಆಮೇಲೆ ಬೆಂಚಿನ ಮೇಲೆ ಕೂತೇ ಇದ್ದ. ಬಾಯಲ್ಲಿ ಏನೂ ಇಲ್ಲ, ಮೆಲುಕು ಹಾಕುತ್ತಿದ್ದ. ಬೆರಳು ಅಂಗಿಯ ಗುಂಡಿಯನ್ನು ತಿರುವುತ್ತಲೇ ಇತ್ತು. ಕರೆದರೆ ಉತ್ತರವಿಲ್ಲ. ಆ ಮುಖವನ್ನು ನಾನು ವರ್ಷಗಟ್ಟಲೆ ಊಟದ ಮೇಜಿನಾಚೆ ನೋಡಿದ್ದೇನೆ.

ಏನೋ ಸೀದಿದೆ ನೋಡು ಎಂದು ನೀವು ಅನ್ನುತ್ತಿದ್ದಿರಿ. ನಾನು ಒಲೆಗೆ ಓಡುತ್ತಿದ್ದೆ, ಏನೂ ಸೀದಿರುತ್ತಿರಲಿಲ್ಲ. ವಾಪಸು ಬಂದರೆ ನೀವು ಕರೆದರೂ ಓಗೊಡದೆ ಗುಂಡಿ ತಿರುವುತ್ತಾ ಕೂತಿರುತ್ತಿದ್ದಿರಿ. ಹೆಂಡತಿ ಅಂದರೆ ಇಷ್ಟು ತಾತ್ಸಾರವೇ ಎಂದು ನಾನು ಕಿರುಚುತ್ತಿದ್ದೆ. "ನಾನ್ಯಾವಾಗ ಸುಮ್ಮನಿದ್ದೆ?" ಎಂದು ಆಮೇಲೆ ನೀವು ಜಗಳಕ್ಕೆ ಬರುತ್ತಿದ್ದಿರಿ. ಸುಳ್ಳುಗಾರ ಅಂದುಕೊಂಡೇ ಮಗಳ ಕೈಹಿಡಿದು ಹೊರಟುಬಂದೆ. ಆಗೆಲ್ಲ ನಾನು ಯಾರ ಜೊತೆ ಜಗಳವಾಡುತ್ತಿದ್ದೆನೋ.

ನಾನು ಡಾಕ್ಟರಲ್ಲ, ಸುಳ್ಳಾದರೆ ಬೈಯಿರಿ. ವ್ಯಾನೇ ನಿಮ್ಮ ಅನ್ನ ಎಂದೂ ಗೊತ್ತು. ಆದರೂ ಒಮ್ಮೆ ತೋರಿಸಿಕೊಳ್ಳಿ. ಅಲ್ಲಿಯವರೆಗೆ ಓಡಿಸಬೇಡಿ, ನಮಗಾಗಿ ಅಲ್ಲ, ನಿಮಗಾಗಿ. ಡಾಕ್ಟರ ಹತ್ತಿರ ಜೊತೆಗೆ ಬಾ ಅಂದರೆ ಬರುತ್ತೇನೆ.

ಇಂತಿ,
ಚಿಟ್ಟಿಯ ಅಮ್ಮ

ತಾ.ಕ. ಕಾಗದ ಮಡಿಸುವಾಗ ಚಿಟ್ಟಿ ಸ್ಕೂಲಿನಿಂದ ಬಂದು, ಅಪ್ಪನಿಗಾ ಎಂದು ಕೇಳಿದಳು. ವ್ಯಾನು ಬೇಡವೆಂದು ಬರೆದೆ ಅಂದೆ. ಅದಕ್ಕೆ ಅವಳು, ಹೋದ ರಜೆಯಲ್ಲಿ ವ್ಯಾನು ಸೇತುವೆಯ ಮೇಲೆ ಓಡುತ್ತಿದ್ದಾಗ ನೀವು ಬರೀ ಬಾಯಿ ಮೆಲ್ಲುತ್ತಾ ಕೂತಿದ್ದಿರಿ, ಎಷ್ಟು ಕೂಗಿದರೂ ತಿರುಗಲಿಲ್ಲ, ಕಂಬಿ ಹತ್ತಿರ ಬಂದುಬಿಟ್ಟಿತು, ತಾನೇ ಪಕ್ಕದಿಂದ ಸ್ಟೀರಿಂಗ್ ತಿರುಗಿಸಿದೆ ಅಂದಳು. ಆಮೇಲೆ ನೀವು "ಸ್ಟೀರಿಂಗ್ ಮುಟ್ತೀಯಾ?" ಎಂದು ಅವಳಿಗೆ ಹೊಡೆದಿರಂತೆ.