ಜಹೀದಾ ಒಬ್ಬರಲ್ಲ

ಚನ್ನಪಟ್ಟಣ
ಮಂಗಳವಾರ

ಗೊಂಬೆ ಕುಶಲಕರ್ಮಿಗಳ ಸಂಘದ ಅಧ್ಯಕ್ಷರಾದ ಮಧುಕುಮಾರ್ ಅವರಿಗೆ, ಸಂಘದ ವೆಬ್‌ಸೈಟ್ ನೋಡಿಕೊಳ್ಳುವ ಜ್ಯೋತಿಲಕ್ಷ್ಮಿಯ ನಮಸ್ಕಾರಗಳು.

ಗೊಂಬೆ ಕೆಲಸದ ಬಗ್ಗೆ ಪ್ರಶ್ನೆ ಕೇಳಿ ಉತ್ತರ ಬರೆಯುವ ನಮ್ಮ ಫೋರಮ್ಮಿಗೆ ಹೊಂದುವ ವೆಬ್‌ಸೈಟ್ ಸಾಫ್ಟ್‌ವೇರ್ ಹುಡುಕಿ ಎಂದಿರಿ. ಎರಡು ತಿಂಗಳಲ್ಲಿ ಮೂರನ್ನು ಹಾಕಿ ತೋರಿಸಿದೆ. ಪ್ರತಿ ಸಭೆಯಲ್ಲೂ ಅಧ್ಯಕ್ಷರ ಫೋಟೋ ಎಲ್ಲಿ ಬರುತ್ತದೆ ಎಂಬುದರಲ್ಲೇ ಹೊತ್ತು ಹೋಯಿತು. ಇರಲಿ.

ಫೋಟೋ ದೊಡ್ಡದಾಗಿ ಬರುವ ಮೂರನೆಯದು ನಿಮಗೆ ಹಿಡಿಸಿದೆ. ಹಳೆಯ ಫೋರಮ್ಮಿನ ಬರಹಗಳನ್ನು ಅದಕ್ಕೆ ತುಂಬಿದಾಗ ನಾನೂರು ಉತ್ತರಗಳು ಜಹೀದಾ ಹೆಸರಿನಲ್ಲಿ ಕಂಡಿದ್ದಕ್ಕೆ, "ಯಾರಮ್ಮಾ ಈ ಜಹೀದಾ? ಕರೆಸಿ, ಸನ್ಮಾನ ಮಾಡ್ಬುಡೋಣ" ಎಂದಿರಿ.

ಸರ್, ಆ ಉತ್ತರಗಳು ಮನೆಯಲ್ಲೇ ಗೊಂಬೆಗೆ ಬಣ್ಣ ಹಚ್ಚುವ ಇಪ್ಪತ್ಮೂರು ಹೆಂಗಸರವು. ಅವರ ಜೊತೆಗಾರ್ತಿ ಜಹೀದಾರನ್ನು ವಿಚಾರಿಸಿದೆ. "ಅವ್ರತ್ರ ಫೋನ್ ಎಲ್ಲೈತೆ ಮೇಡಂ? ಎಲ್ಲಾರೂ ನನ್ ನಂಬರೇ ಕೊಟ್ಬುಟ್ರು" ಎಂದರು. ಅವರ ಫೋನಿನಲ್ಲೇ ಎಲ್ಲರೂ ಸರದಿಯ ಮೇಲೆ ಬರೆಯುತ್ತಾರೆ. ಹಳೆಯ ಫೋರಮ್ಮಿನಲ್ಲಿ ಅವರವರ ಹೆಸರು ಬೇರೆಬೇರೆಯಾಗಿಯೇ ಇದೆ. ಈ ಸಾಫ್ಟ್‌ವೇರ್ ಒಂದು ನಂಬರಿಗೆ ಒಬ್ಬರೇ ಎಂದುಕೊಂಡು ಎಲ್ಲರನ್ನೂ ಜಹೀದಾ ಮಾಡಿಬಿಟ್ಟಿದೆ.

ಎರಡನೆಯದು ಹೆಸರುಗಳನ್ನು ಹಾಗೇ ಉಳಿಸುತ್ತದೆ. ಫೋಟೋ ಚಿಕ್ಕದು. ದಯವಿಟ್ಟು ಅದಕ್ಕೇ ಒಪ್ಪಿಗೆ ಕೊಡಿ. ನಾಲ್ಕನೆಯದನ್ನು ಹುಡುಕುವ ಶಕ್ತಿ ನನಗಿಲ್ಲ.

ಇನ್ನೊಂದು ಮಾತು. ಹಳೆಯ ಫೋರಮ್ಮಿನಲ್ಲಿ ಜಹೀದಾ ಸ್ವತಃ ಏನು ಬರೆದಿದ್ದಾರೆಂದು ಹುಡುಕಿದೆ. ಎರಡು ವರ್ಷದ ಹಿಂದಿನ ಒಂದೇ ಒಂದು ಸಾಲು ಸಿಕ್ಕಿತು: "ನಂದೂ ಒಂದ್ ಪ್ರಶ್ನೆ ಐತೆ. ಎಲ್ಲಾರ್ದೂ ಮುಗೀಲಿ, ಆಮೇಲ್ ಕೇಳ್ತೀನಿ."

ಸನ್ಮಾನಕ್ಕೆ ಕರೆಸುವುದಾದರೆ, ಶಾಲು ಹೊದಿಸುವ ಮುಂಚೆ ಅದೇನೆಂದು ಕೇಳಿ.

ಇತಿ,
ಜ್ಯೋತಿಲಕ್ಷ್ಮಿ