ಅರ್ಧ ಕೊರೆದ ಕಲ್ಲು

ದುಖಾನ್, ಕತಾರ್
೧೮-೧೧-೧೯೯೪

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ದುಗ್ಗುವಿನ ನಮಸ್ಕಾರ. ನಿನ್ನ ಸೊಂಟನೋವು ಹೇಗಿದೆ? ಭಾವನ ಕೆಮ್ಮು ಇಳಿಯಿತೇ? ನಿನ್ನ ಮಗಳು ಜ್ಯೋತ್ಸ್ನಾ ಈಗಲೂ ಎರಡು ಜಡೆ ಬೇಕೆಂದು ಬೆಳಿಗ್ಗೆ ಬೆಳಿಗ್ಗೆ ರಂಪ ಮಾಡುತ್ತಾಳೋ? ನಾನು ಆರೋಗ್ಯವಾಗಿದ್ದೇನೆ. ಉಣ್ಣುತ್ತೇನೆ, ನಿದ್ದೆಯೂ ಬರುತ್ತದೆ. ಅಪ್ಪಯ್ಯ ಹೋದ ಸುದ್ದಿ ಫೋನಿನಲ್ಲಿ ಬಂದ ದಿನವೂ ಉಂಡಿದ್ದೆ. ರೂಮಿನ ವಲೇರಿಯನ್ 'ಅಳು ಮಾರಾಯಾ, ಎದೆ ಹಗುರ ಆಗ್ತದೆ' ಎಂದು ಪಕ್ಕದಲ್ಲಿ ಕೂತು ಕೊನೆಗೆ ತಾನೇ ಅತ್ತ. ನನಗೆ ಬರಲಿಲ್ಲ. ರಜೆಗೆ ಸಹಿ ಬೀಳುವಷ್ಟರಲ್ಲಿ ಅಲ್ಲಿ ಉತ್ತರಕ್ರಿಯೆ, ಬೊಜ್ಜದ ಊಟವೂ ಮುಗಿದಿತ್ತು. ಇನ್ನು ಹೋಗಿ ಮಾಡುವುದೇನು ಎಂದು ಎಂದಿನಂತೆ ಎ.ಸಿ. ರಿಪೇರಿಗೆ ಹೊರಟೆ.

ನಿನ್ನ ಕಾಗದ ಬಂದು ಒಂದು ವಾರವಾಯಿತು. ಹಿಟ್ಟಿನ ಗಿರಣಿ ನಿಂತೇ ಇದೆ, ಊರವರು ಕೋಟೇಶ್ವರದವರೆಗೆ ನಡೆಯುತ್ತಿದ್ದಾರೆ, ಅಪ್ಪಯ್ಯ ಅರ್ಧಕ್ಕೆ ಮಾತ್ರ ಗೆರೆ ಕೊರೆದು ಬಿಟ್ಟ ಗಿರಣಿಯ ಮೇಲ್ಗಲ್ಲನ್ನು ಪಕೀರಬ್ಬನ ಕೈಯಲ್ಲಿ ಮುಗಿಸಿ ಗಿರಣಿ ಶುರು ಮಾಡಲೇ ಎಂದು ಕೇಳಿದ್ದೀ. ಪಕೀರಬ್ಬ ಒಳ್ಳೆಯ ಕೆಲಸಗಾರನೇ. 'ನೀನ್ ಕೊರ್ದ್ ಕಲ್ಲಗೆ ಹಿಟ್ಟ್ ಕೇಂಡ್ರೆ ನುಚ್ಚ್ ಬತ್ತ್' ಎಂದು ಅಪ್ಪಯ್ಯ ಅವನ ಇದಿರಿಗೇ ಹೇಳಿ, ಅವನ ಬೀಡಿಯನ್ನೇ ಕೇಳಿ ಸೇದುತ್ತಿದ್ದರಲ್ಲ! ಅದು ನೆನಪಾದರೂ ನಗು ಬರಲಿಲ್ಲ ಅಕ್ಕಾ. ಬೇರೆ ಯಾರದೋ ಮನೆಯ ಕಥೆ ಕೇಳಿದ ಹಾಗಾಯಿತು.

ಇಲ್ಲೊಬ್ಬರು ಅಮೆರಿಕದ ಎಂಜಿನಿಯರ್ ಇದ್ದಾರೆ, ಕ್ಲೈನ್ ಸಾಹೇಬರು. ಅವರಿಗೆ ತಮ್ಮ ವಂಶದ ಮೂಲ ಹುಡುಕುವ ಹುಚ್ಚು. ನಮ್ಮಲ್ಲಿ ಹೆಣ್ಣು ಕೊಡುವಾಗಲೂ ಇಷ್ಟು ವಿಚಾರಿಸುವುದಿಲ್ಲ! ಅವರ ಅಜ್ಜನ ಅಜ್ಜನಿಗೂ ಅಜ್ಜ ಜರ್ಮನಿಯವನಂತೆ. ಅಮೆರಿಕ ಇನ್ನೂ ಇಂಗ್ಲಿಷರ ಕೈಯಲ್ಲಿದ್ದಾಗ ಹಡಗು ಹತ್ತಿ ಹೋಗಿ, ಒಂದು ಹೊಳೆಯ ಬದಿಯಲ್ಲಿ ನೀರಿನಿಂದ ತಿರುಗುವ ಗಿರಣಿ ಕಟ್ಟಿ, ಊರಿಗೆಲ್ಲ ಗೋಧಿ ಬೀಸಿ ಕೊಡುತ್ತಿದ್ದನಂತೆ. ಮೊನ್ನೆ ಅವರ ಎ.ಸಿ. ಬಿಚ್ಚಿ ಕೂತಿದ್ದಾಗ, ಅವರ ಚಿಕ್ಕಮ್ಮ ಆ ಊರಿಗೇ ಹೋಗಿ ತೆಗೆದು ಕಳಿಸಿದ ಫೋಟೋ ತೋರಿಸಿದರು. ಯಾರದೋ ಮನೆಯ ಹೊಸ್ತಿಲ ಮುಂದೆ ಮೆಟ್ಟಿಲಾಗಿ ಬಿದ್ದ ಗಿರಣಿ ಕಲ್ಲು. ಅರ್ಧಕ್ಕೆ ಗೆರೆ ಇದೆ, ಇನ್ನರ್ಧ ಬೋಳು. ಕಲ್ಲು ಕೊರೆಯುತ್ತಿರುವಾಗಲೇ ಆ ಅಜ್ಜ ತೀರಿಕೊಂಡ, ಗಂಡುಮಕ್ಕಳು ಬೇರೆ ಜಮೀನು ಹುಡುಕಿ ಹೊರಟುಹೋದರು, ತಮ್ಮ ಕವಲಿನವನೊಬ್ಬನನ್ನು ಬಿಟ್ಟು ಉಳಿದವರು ಎಲ್ಲಿಗೆಂದು ಇವತ್ತಿಗೂ ಸಿಕ್ಕಿಲ್ಲ ಎಂದರು ಸಾಹೇಬರು. ನಮ್ಮ ಮನೆಯದೂ ಗಿರಣಿ ಎಂದೆ. ಅವರಿಗೆ ಖುಷಿಯೋ ಖುಷಿ. ಕೆಲಸಗಾರ ನಡುವೆ ಸತ್ತರೆ ನಿಮ್ಮಲ್ಲಿ ಕಲ್ಲನ್ನು ಯಾರು ಮುಗಿಸುತ್ತಾರೆ ಎಂದು ಕೇಳಿದರು. 'ಮಗ' ಎಂದೆ. ಬಾಯಿಗೆ ಬಂತು, ಹೇಳಿದೆ. ಆಮೇಲೆ ಸ್ಕ್ರೂ ಬಿಗಿ ಮಾಡಿ ಬಂದೆ.

ಅಷ್ಟೇ ವಿಶೇಷ. ಗಿರಣಿಯ ವಿಷಯ ನಿನಗೂ ಭಾವನಿಗೂ ಸರಿ ಕಂಡಂತೆ ಮಾಡಿ, ನನ್ನದೇನಿಲ್ಲ. ಭಾವನಿಗೆ ನಮಸ್ಕಾರ, ಜ್ಯೋತ್ಸ್ನಾಳ ಎರಡೂ ಜಡೆಗಳಿಗೆ ಮಾವನ ಮುದ್ದು.

ನಿನ್ನ
ದುಗ್ಗು

ತಾ.ಕ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿದೆ. ಪಕೀರಬ್ಬನಿಗೆ ಹೇಳಬೇಡ ಅಕ್ಕಾ. ಹೇಳಿಯಾಗಿದ್ದರೆ ದುಗ್ಗು ಬರುತ್ತಾನೆ ಎನ್ನು, ಅವನಿಗೆ ಬೇಸರವಾಗದು. ಬಿಟ್ಟುಕೊಟ್ಟಿದ್ದ ರಜೆಯನ್ನು ನಾಳೆ ಮತ್ತೆ ಕೇಳುತ್ತೇನೆ. ಕೊಡದಿದ್ದರೆ ಕೆಲಸ ಬಿಟ್ಟಾದರೂ ಬರುತ್ತೇನೆ. ಅಲ್ಲಿಯವರೆಗೆ ಆ ಕಲ್ಲಿನ ಮೇಲೆ ಯಾರೂ ಕೂರದ ಹಾಗೆ ಗೋಣಿ ಹೊದೆಸು. ಅಪ್ಪಯ್ಯ ನಿಲ್ಲಿಸಿದ ಗೆರೆಯ ಪಕ್ಕ ಇದ್ದಿಲಲ್ಲಿ ಒಂದು ಗುರುತು ಹಾಕಿಡು, ಉಳಿಗೆ ಎಣ್ಣೆ ಹಚ್ಚಿಡು. 'ಸಿಟ್ಟಲ್ಲಿ ಹೊಡುಕಾಗ ಮಗಾ, ಕಲ್ಲಿಗೆ ಗೊತ್ತಾತ್ತ್' ಎಂದು ಅವರು ನನ್ನ ಕೈ ತಡೆದು ಹೇಳುತ್ತಿದ್ದದ್ದು ಈಗ, ಇದನ್ನು ಬರೆಯುವಾಗ, ಅವರದೇ ದನಿಯಲ್ಲಿ ಕೇಳಿತು. ಅಕ್ಷರ ಕದಡಿದ್ದರೆ ಊಹಿಸಿ ಓದಿಕೋ.