ಸವೆಯದ ಬಲ ಮೊಣಕಾಲು

ಹೊಲಿಗೆ ಅಂಗಡಿಯಿಂದ,
ಹನ್ನೆರಡನೇ ತಾರೀಖು, ಗುರುವಾರ ಮಧ್ಯಾಹ್ನ

ಮುದ್ದು ಮಗಳೇ,

ಹೇಗಿದ್ದೀಯಮ್ಮಾ? ಬೆನ್ನುನೋವು ಕಡಿಮೆಯಾಯಿತೇ? ನಿನ್ನ ರೈಲು ಓಡಿಸುವ ತರಬೇತಿ ಮುಗಿಯಲು ಇನ್ನು ಆರೇ ವಾರ ಎಂದು ಅಳಿಯಂದಿರು ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುತ್ತಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಪಾಪುವಿಗೆ ಹತ್ತು ತಿಂಗಳು ತುಂಬಿತು. ಅಂಗಡಿಯಲ್ಲಿ ಚಾಪೆ ಹಾಸಿ ಬಿಟ್ಟರೆ ತೆವಳಿಕೊಂಡು ಬಂದು ನನ್ನ ಮಿಷನ್ನಿನ ಕಾಲು ಹಿಡಿಯುತ್ತಾನೆ. ಎಲ್ಲಕ್ಕೂ ಎಡಗೈಯೇ. ನಾನೂ ಎಡಚ ತಾನೇ, ತಾತನ ಗುಣ ಮೊಮ್ಮಗನಿಗೆ ಬಂತೆಂದು ಬಟ್ಟೆ ಕೊಡಲು ಬಂದವರ ಮುಂದೆಲ್ಲ ಬೀಗಿದೆ. ಅವನಿಗೂ ಒಂದು ಎಡಗೈ ಕತ್ತರಿ ಎತ್ತಿಡುತ್ತೇನೆ ಎಂದೆ. ಆ ಬಾಯಿಗೇ ಬೀಗ ಹಾಕಬೇಕಿತ್ತು.

ಮೊನ್ನೆ ಶನಿವಾರ ಅವನ ಪ್ಯಾಂಟಿಗೆ ತೇಪೆ ಹಾಕಲು ಕೂತೆ. ಎಡ ಮೊಣಕಾಲಿನ ಬಟ್ಟೆ ಸವೆದು ಜಾಳಾಗಿದೆ. ಬಲಗಡೆ ಮಾತ್ರ ನಾನು ಹೊಲಿದ ದಿನ ಹೇಗಿತ್ತೋ ಹಾಗೇ ಇದೆ. ಉಳಿದ ನಾಲ್ಕು ಪ್ಯಾಂಟುಗಳನ್ನೂ ತೆಗೆದು ನೋಡಿದೆ. ಎಲ್ಲವೂ ಹಾಗೆಯೇ. ಆಮೇಲೆ ಅವನನ್ನೇ ದಿಟ್ಟಿಸಿದೆ. ಬಲ ಮೊಣಕಾಲು ಊರುವುದೇ ಇಲ್ಲ, ಆ ಕಾಲನ್ನು ಚಾಚಿ ಎಳೆದುಕೊಂಡು ಬರುತ್ತಾನೆ. ಬಲಗೈ ಮುಷ್ಟಿ ಬಿಚ್ಚುವುದೇ ಇಲ್ಲ. ಗಿಲಕಿಯನ್ನು ಬಲಗಡೆ ಇಟ್ಟರೆ ಇಡೀ ಮೈ ತಿರುಗಿಸಿ ಎಡಗೈಯಲ್ಲೇ ಎತ್ತಿಕೊಂಡು ನಗುತ್ತಾನೆ, ಕಳ್ಳ.

ನಿನ್ನೆ ಅಳಿಯಂದಿರಿಗೆ ಪ್ಯಾಂಟುಗಳನ್ನು ತೋರಿಸಿದೆ. ಅವರು ಐದನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ನಾಳೆ ಬೆಳಗ್ಗೆ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ತೋರಿಸಿ ಬಂದಿರುತ್ತೇವೆ. ನನಗೆ ಭಯವಾಗುತ್ತಿದೆ ಮಗಳೇ.

ನಿನಗೆ ಎಲ್ಲ ಒಳ್ಳೆಯದಾಗಲಿ. ಸಿಗ್ನಲ್ ನೋಡುವ ಹೊತ್ತಿನಲ್ಲಿ ಇದೊಂದೂ ನಿನ್ನ ತಲೆಗೆ ಬಾರದಿರಲಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಒಂದು ಮಾತು ಬಿಟ್ಟಿದ್ದೇನೆ, ಬೇಕೆಂದೇ ಬಿಟ್ಟೆ. ಹೋದ ತಿಂಗಳು ಲಸಿಕೆ ಹಾಕಿಸಲು ಹೋದಾಗಲೇ ಸಿಸ್ಟರ್ ಹೇಳಿದ್ದರು, “ವರ್ಷ ತುಂಬದ ಮಗು ಎಡಚ ಆಗಲ್ಲ ತಾತಾ. ಎರಡೂ ಕೈ ಸಮವಾಗಿ ಆಡ್ಬೇಕು. ಬೇಗ ಡಾಕ್ಟರಿಗೆ ತೋರಿಸಿ, ತಡ ಮಾಡಿದಷ್ಟೂ ಕಷ್ಟ.” ನನಗೆ ಸಿಟ್ಟು ಬಂದು ಮಗುವನ್ನು ಎತ್ತಿಕೊಂಡು ಎದ್ದು ಬಂದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಭಾನುವಾರ ನೀನು ನೋಡಿ ಖುಷಿಪಟ್ಟ ವಿಡಿಯೊದಲ್ಲಿ ಅವನ ಬಲಗೈ ಕಾಣದ ಹಾಗೆ ಕೂರಿಸಿದ್ದೂ ನಾನೇ. ನಿನ್ನ ಗಂಡನಿಗೆ ಇದ್ಯಾವುದೂ ಗೊತ್ತಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ನಾಳೆ ಡಾಕ್ಟರು ಅಳಿಯಂದಿರ ಮುಂದೆಯೇ ನನ್ನನ್ನು ಕೇಳುತ್ತಾರೆ.